ಪದ ಬೇಕಾಗಿದೆ: ಪ್ಯಾಡಿಂಗ್, ಬಾರ್ಡರ್, ಮಾರ್ಜಿನ್ (ಶನಿವಾರದೊಳಗೆ)

ದಾವಣಗೆರೆಯಿಂದ:

ಬಲ್ಲವರಿಗೆ ನಮಸ್ಕಾರ. ಏಳರಿಂದ ಒಂಬತ್ತನೇ ತರಗತಿ ಮಕ್ಕಳ ವೆಬ್ ಕೋಡಿಂಗ್ ಶಿಬಿರಕ್ಕೆ ಒಂದು ಗೋಡೆಪಟ ಶನಿವಾರ ಅಚ್ಚಿಗೆ ಹೋಗಬೇಕು. ಮೊದಲ ದಿನ ಮಕ್ಕಳು ಮಾಡುವುದು ದೋಸೆ ಹೋಟೆಲಿನ ತಿಂಡಿಪಟ್ಟಿ: ಬೆಣ್ಣೆ ದೋಸೆ, ಖಾಲಿ ದೋಸೆ, ಓಪನ್ ದೋಸೆ, ಒಂದೊಂದಕ್ಕೂ ಒಂದು ಚೌಕ. ಅಕ್ಷರಕ್ಕೂ ಗೆರೆಗೂ ನಡುವಿನ ಜಾಗ ಪ್ಯಾಡಿಂಗ್, ಗೆರೆ ಬಾರ್ಡರ್, ಗೆರೆಯಾಚೆ ಪಕ್ಕದ ಚೌಕದವರೆಗೆ ಬಿಡುವುದು ಮಾರ್ಜಿನ್. ನಿಘಂಟು ತೆರೆದರೆ ಬಾರ್ಡರ್‌ಗೂ ಅಂಚು, ಮಾರ್ಜಿನ್‌ಗೂ ಅಂಚು. ಒಂದೇ ಪಟದಲ್ಲಿ ಎರಡು ಅಂಚು ಬರೆಯಲಾಗದು. ಪ್ಯಾಡಿಂಗ್‌ಗೆ ಮೆತ್ತೆ ಎಂದರೆ ಹಾಸಿಗೆ ನೆನಪಾಗುತ್ತದೆ. ಮೂರಕ್ಕೂ ಬೇರೆ ಬೇರೆ ಪದ ಬೇಕು, ಮಕ್ಕಳ ಬಾಯಲ್ಲಿ ನಿಲ್ಲುವಂಥವು.

ಹರಿಹರದಿಂದ:

ಪ್ಯಾಡಿಂಗ್, ಬಾರ್ಡರ್, ಮಾರ್ಜಿನ್. ಕನ್ನಡ ಲಿಪಿಯಲ್ಲಿ ಬರೆಯಿರಿ, ಮುಗಿಯಿತು. ಸಿಎಸ್‌ಎಸ್‌ನಲ್ಲಿ (ವೆಬ್ ಪುಟದ ರೂಪ ಹೇಳುವ ಭಾಷೆ) ಹೇಗೂ ಇಂಗ್ಲಿಷ್ ಪದವನ್ನೇ ಟೈಪ್ ಮಾಡಬೇಕು. ಒಂದಕ್ಷರ ತಪ್ಪಿದರೆ ಬ್ರೌಸರ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ, ತಪ್ಪಾಯಿತೆಂದು ಪುಟದಲ್ಲಿ ಎಲ್ಲಿಯೂ ಹೇಳುವುದಿಲ್ಲ. ಹೀಗಿರುವಾಗ ಒಂದಕ್ಕೆ ಎರಡೆರಡು ಹೆಸರು ಯಾಕೆ? ಮಾರ್ಜಿನ್ ಅಂತೂ ನೋಟ್‌ಬುಕ್ಕಿಗೆ ಗೆರೆ ಎಳೆದು ಮಕ್ಕಳಿಗೆ ಮೊದಲೇ ಗೊತ್ತಿರುವ ಪದ.

ಚಿತ್ರದುರ್ಗದಿಂದ:

> ಮಾರ್ಜಿನ್ ಅಂತೂ ಮಕ್ಕಳಿಗೆ ಮೊದಲೇ ಗೊತ್ತಿರುವ ಪದ

ಎಡವುವುದೇ ಅಲ್ಲಿ ಸರ್. ನೋಟ್‌ಬುಕ್ಕಿನ ಮಾರ್ಜಿನ್ ಹಾಳೆಯ ಒಳಗಿದೆ, ಸಿಎಸ್‌ಎಸ್‌ನ ಮಾರ್ಜಿನ್ ಚೌಕದ ಹೊರಗಿದೆ. ನೋಟ್‌ಬುಕ್ಕಿನಲ್ಲಿ ಮಾರ್ಜಿನ್ ಎಂದು ಬಿಡುತ್ತೇವಲ್ಲ, ಅದು ಇಲ್ಲಿ ಪ್ಯಾಡಿಂಗ್! ಅಕ್ಷರ ಗೆರೆಗೆ ಅಂಟಿದೆ ಎಂದು ಮಗು ಮಾರ್ಜಿನ್ 20 ಪಿಕ್ಸೆಲ್ ಕೊಡುತ್ತದೆ. ಚೌಕ ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ, ಅಕ್ಷರ ಅಂಟಿಕೊಂಡೇ ಇರುತ್ತದೆ. 40 ಮಾಡಿದರೆ ಇನ್ನಷ್ಟು ಸರಿಯುತ್ತದೆ. ಗೊತ್ತಿರುವ ಪದ ಇಲ್ಲಿ ಗೊತ್ತಿಲ್ಲದ ಪದಕ್ಕಿಂತ ಹೆಚ್ಚು ಕೆಡಿಸುತ್ತದೆ.

ಬಾರ್ಡರ್‌ಗೆ ಗೋಡೆ, ಮಾರ್ಜಿನ್‌ಗೆ ಕಂದಕ ಎನ್ನಿ. ಕಂದಕ ಎಲ್ಲಿರುತ್ತದೆಂದು ಕೋಟೆ ನೋಡಿದ ಮಗುವಿಗೆ ಹೇಳಿಕೊಡಬೇಕಿಲ್ಲ. ಚೌಕದೊಳಗೆ ಚೌಕ ಇಡುವಾಗ ಏಳು ಸುತ್ತಿನ ಕೋಟೆಯನ್ನೇ ತೋರಿಸಬಹುದು. ಇನ್ನೊಂದು ಅನುಕೂಲವಿದೆ. ಮೇಲಿನ ಚೌಕದ ಕೆಳಗೆ 30, ಕೆಳಗಿನ ಚೌಕದ ಮೇಲೆ 20 ಮಾರ್ಜಿನ್ ಕೊಟ್ಟರೆ ನಡುವೆ 50 ಬೀಳುವುದಿಲ್ಲ, 30 ಮಾತ್ರ. ಎದುರುಬದುರು ಎರಡು ಗೋಡೆಗೆ ಒಂದೇ ಕಂದಕ, ಅಗಲವಾದದ್ದು ಉಳಿಯುತ್ತದೆ ಎಂದರೆ ಅರ್ಥವಾಗುತ್ತದೆ. ಪ್ಯಾಡಿಂಗ್‌ಗೆ ಪದ ಹೊಳೆದಿಲ್ಲ.

ಹೊಸದುರ್ಗದಿಂದ:

ಕಂದಕ ಕನ್ನಡವಲ್ಲ. ಪಾರಸಿ ಮೂಲದ್ದು, ಅರಬ್ಬಿಯಲ್ಲಿ ಖಂದಕ್ ಆಗಿ ಇಲ್ಲಿಗೆ ಬಂದದ್ದು. ನಮ್ಮಲ್ಲಿ ಅಗೞ್ ಇದೆ: ಕ್ರಿಯಾಪದವಾದರೆ ತೋಡು, ನಾಮಪದವಾದರೆ ಕೋಟೆಯ ಸುತ್ತಲ ತೋಡು. ತಮಿಳಿನ ಅಗಳಿ ಇದರ ಒಡಹುಟ್ಟು. ಹೊಸಗನ್ನಡದಲ್ಲಿ ಅಗಳು ಎಂದು ಬರೆಯಿರಿ. ಪ್ಯಾಡಿಂಗ್‌ಗೆ ಒಳತೆರಪು. ಗೋಡೆ ನಮ್ಮದೇ, ಇರಲಿ.

ಹರಿಹರದಿಂದ:

ಅಗಳು ಎಂದರೆ ಮಕ್ಕಳಿಗೆ ಅನ್ನದ ಅಗುಳು ನೆನಪಾದೀತೇ ಹೊರತು ಕೋಟೆಯಲ್ಲ. ಮೂಲ ಕೆದಕುವುದಾದರೆ ಮೇಜು, ಚಾವಿ ಪೋರ್ಚುಗೀಸರದು, ಕಾಗದ ಪಾರಸಿಯದು. ದಾವಣಗೆರೆಯ ಮಂಡಕ್ಕಿ ಭಟ್ಟಿಯವರಿಗೆ ಭಟ್ಟಿ ಉತ್ತರದ ಪದ, ಒಲೆ ಎನ್ನಿ ಎಂದು ಹೇಳಲಾದೀತೇ? ಕೆಲಸಕ್ಕೆ ಒದಗುವ ಪದ ನಮ್ಮದು.

ಹೊಸದುರ್ಗದಿಂದ:

ಮೇಜು, ಕಾಗದ ವಸ್ತುವಿನ ಜತೆಗೇ ಬಂದವು. ಬ್ರೌಸರ್, ಪಿಕ್ಸೆಲ್ ಕೂಡ ಹಾಗೇ ಬರಲಿ, ನನ್ನ ಅಡ್ಡಿ ಇಲ್ಲ. ಆದರೆ ಎರಡರ ನಡುವೆ ಜಾಗ ಬಿಡುವುದು ಯಾರೂ ತಂದುಕೊಟ್ಟ ವಸ್ತುವಲ್ಲ. ಅದಕ್ಕೂ ಪದ ಕಡ ತಂದರೆ ಇದ್ದ ಪದ ಸಾಯುತ್ತದೆ. ಅಗಳು ಸತ್ತದ್ದು ಹಾಗೆಯೇ.

ಹರಿಹರದಿಂದ:

ನೀವು ಬರೆದ ‘ಜಾಗ’ವೂ ಪಾರಸಿಯದೇ.

ಜಗಳೂರಿನಿಂದ:

ಮೂಲದ ಜಗಳ ಇನ್ನೊಂದು ಪತ್ರದಲ್ಲಿ ಆಗಲಿ. ಪದ ಮೊದಲು ಕೋಡ್‌ಗೆ ಹೊಂದಬೇಕು.

ಕಂದಕ ಒಂದಾಗುವುದು ಮೇಲೆ ಕೆಳಗಿನ ದಿಕ್ಕಿನಲ್ಲಿ ಮಾತ್ರ. ಎಡಬಲದ ಮಾರ್ಜಿನ್ ಎಂದೂ ಒಂದಾಗುವುದಿಲ್ಲ. ಡಿಸ್‌ಪ್ಲೇ ಫ್ಲೆಕ್ಸ್ ಅಥವಾ ಗ್ರಿಡ್ (ಚೌಕಗಳನ್ನು ಸಾಲಾಗಿ ಅಥವಾ ಅಡ್ಡ-ಉದ್ದ ಮನೆಗಳಲ್ಲಿ ಜೋಡಿಸುವ ವಿಧಾನಗಳು) ಆದರೆ ಮೇಲೆ ಕೆಳಗಿನದೂ ಇಲ್ಲ: 30 ಮತ್ತು 20 ಸೇರಿ 50. ಇದನ್ನು ಬಿಟ್ಟು ಪಟ ಅಚ್ಚಾದರೆ ಮೂರನೇ ದಿನ ಫ್ಲೆಕ್ಸ್ ಕಲಿಸುವಾಗ ಪಟವೇ ಸುಳ್ಳಾಗುತ್ತದೆ. ಫ್ಲೆಕ್ಸ್‌ನಲ್ಲಿ ಗ್ಯಾಪ್ ಎಂಬುದು ಬೇರೆಯೇ ಇದೆ. ಅದು ಚೌಕಗಳ ನಡುವೆ ಮಾತ್ರ, ಸಾಲಿನ ಎರಡು ತುದಿಗೆ ಇಲ್ಲ. ಎರಡು ಮನೆ ನಡುವಿನ ಸಂದಿ ಇದ್ದಂತೆ. ಸಂದಿ ಎಂಬ ಪದವನ್ನು ಅದಕ್ಕೆ ಕಾದಿರಿಸಿ, ಮಾರ್ಜಿನ್‌ಗೆ ಖರ್ಚು ಮಾಡಬೇಡಿ.

ಒಳತೆರಪು ಒಳ್ಳೆಯ ಪದ. ಆದರೆ ಅದರ ಜೋಡಿಯೆಂದು ಹೊರತೆರಪು ಬೇಡ. ಹೆಸರು ಒಂದೇ ಅಚ್ಚಿನದಾದರೆ ಮಕ್ಕಳು ಅದಲುಬದಲು ಮಾಡುತ್ತಾರೆ. ಗೆರೆಯೂ ಬಣ್ಣವೂ ಇಲ್ಲದ ಚೌಕದಲ್ಲಿ ಎರಡೂ ಕಣ್ಣಿಗೆ ಒಂದೇ. ಅದಕ್ಕೇ ಮೊದಲು ಹಿನ್ನೆಲೆಗೆ ಹಳದಿ ಹಾಕಿಸಿ, ಗೆರೆ 2 ಪಿಕ್ಸೆಲ್ ಕೊಡಿಸಿ, ಆಮೇಲೆ ಪ್ಯಾಡಿಂಗ್ 20. ಹಳದಿ ಒಳತೆರಪಿಗೂ ಹರಡುತ್ತದೆ, ಗೋಡೆ ದಾಟುವುದಿಲ್ಲ. ಹಳದಿ ಇಲ್ಲದ್ದು ಕಂದಕ.

ಅಳತೆಯನ್ನೂ ಪಟದಲ್ಲಿ ಹಾಕಿ. ಅಗಲ 300 ಎಂದು ಬರೆದರೆ ಚೌಕ 300 ಬರುವುದಿಲ್ಲ: ಒಳತೆರಪು ಎರಡು ಕಡೆ 40, ಗೋಡೆ ಎರಡು ಕಡೆ 4, ಒಟ್ಟು 344. ಮೂರು ದೋಸೆ ಒಂದೇ ಸಾಲಿಗೆ ಹಿಡಿಯದೆ ಮೂರನೆಯದು ಕೆಳಗೆ ಬೀಳುವುದು ಬಹುಮಟ್ಟಿಗೆ ಇದರಿಂದಲೇ. ಬಾಕ್ಸ್-ಸೈಜಿಂಗ್‌ಗೆ (ಅಗಲದ ಲೆಕ್ಕದಲ್ಲಿ ಏನೇನು ಸೇರಬೇಕೆಂದು ಹೇಳುವ ಸಾಲು) ಬಾರ್ಡರ್-ಬಾಕ್ಸ್ ಎಂದರೆ ಹೊರಗೆ 300 ನಿಲ್ಲುತ್ತದೆ, ಅಕ್ಷರಕ್ಕೆ 256 ಉಳಿಯುತ್ತದೆ. ಕಂದಕ ಈ ಲೆಕ್ಕದಲ್ಲಿ ಯಾವಾಗಲೂ ಹೊರಗೇ.

20 ಮತ್ತು ಪಿಎಕ್ಸ್ (ಪಿಕ್ಸೆಲ್) ನಡುವೆ ತೆರಪು ಬಿಟ್ಟರೆ ಆ ಸಾಲು ಹೋಯಿತು. ಸಾಲಿನ ಕೊನೆಯ ಅರ್ಧವಿರಾಮ ಮರೆತರೆ ಕೆಳಗಿನ ಸಾಲೂ ಅದರೊಂದಿಗೆ ಹೋಗುತ್ತದೆ. ಕನ್ನಡಕ್ಕೇ ಸೇರಿದ ತೊಡಕೊಂದು: ಲೈನ್-ಹೈಟ್ (ಸಾಲಿನ ಎತ್ತರ) 1 ಇದ್ದರೆ ‘ಬೆಣ್ಣೆ’ಯ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಮಕ್ಕಳು ಪ್ಯಾಡಿಂಗ್ ಹೆಚ್ಚಿಸಿ ನೋಡುತ್ತಾರೆ, ಉಪಯೋಗವಿಲ್ಲ, ಅದು ಸಾಲುಗಳ ನಡುವಿನ ಮಾತು. 1.6 ಕೊಡಿಸಿ.

ದಾವಣಗೆರೆಯಿಂದ:

ಎಲ್ಲರಿಗೂ ಕೃತಜ್ಞತೆ. ಪಟಕ್ಕೆ ಒಳತೆರಪು, ಗೋಡೆ, ಕಂದಕ. ಪ್ರತಿಯೊಂದರ ಕೆಳಗೆ ಪ್ಯಾಡಿಂಗ್, ಬಾರ್ಡರ್, ಮಾರ್ಜಿನ್ ಸಣ್ಣಕ್ಷರದಲ್ಲಿ. 344ರ ಲೆಕ್ಕ ಮೂಲೆಯಲ್ಲಿ ಬರುತ್ತದೆ. ಕಂದಕ ಒಂದಾಗುವ ಚಿತ್ರಕ್ಕೆ ‘ಮೇಲೆ ಕೆಳಗೆ ಇದ್ದಾಗ, ಫ್ಲೆಕ್ಸ್ ಇಲ್ಲದಾಗ’ ಎಂದು ಸೇರಿಸಿದ್ದೇನೆ. ಗ್ಯಾಪ್‌ಗೆ ಸಂದಿ ಮುಂದಿನ ಪಟದಲ್ಲಿ.

ಹೊಸದುರ್ಗದಿಂದ:

ಕಂದಕಕ್ಕೆ ನನ್ನ ಒಪ್ಪಿಗೆ ಇಲ್ಲ ಎಂಬುದು ಇಲ್ಲಿ ಉಳಿಯಲಿ. ಮುಂದಿನ ಪಟದ ಸಂದಿಯೂ ಸಂಧಿಯ ತದ್ಭವ.

ಹರಿಹರದಿಂದ:

ತದ್ಭವ ಕನ್ನಡವೇ. ಕೇಶಿರಾಜ ಅವುಗಳಿಗೆ ಒಂದು ಪ್ರಕರಣವನ್ನೇ ಕೊಟ್ಟಿದ್ದಾನೆ.