ಕಡಲ ಸ್ಪಂಜಿನ ಸ್ಟೀರಾಲ್: ಗುಂಪಿನಲ್ಲಿ ನಡೆದ ವಾದ

ತೀರ್ಥಹಳ್ಳಿ: ಗುಂಪಿನಲ್ಲಿ ಹಾಕಿರುವ ಲೇಖನವನ್ನು ಎಲ್ಲರೂ ಓದಬೇಕೆಂದು ವಿನಂತಿ. ಸ್ಪಂಜು ಎಂಬ ಕಡಲ ಪ್ರಾಣಿಯ ಸ್ಟೀರಾಲಿನಿಂದ (ಕೊಲೆಸ್ಟ್ರಾಲಿನ ಜಾತಿಯ ವಸ್ತು) ರಕ್ತದ ಕ್ಯಾನ್ಸರಿಗೆ ಮದ್ದು ತಯಾರಾಗಿದೆಯಂತೆ.

ಸಾಗರ: ಲೇಖಕರು ಎರಡು ಬೇರೆ ಸಂಗತಿಗಳನ್ನು ಕಲಸಿದ್ದಾರೆ. ರಸಾಯನವಿಜ್ಞಾನಿ ವರ್ನರ್ ಬರ್ಗ್‌ಮನ್ 1950ರ ಸುಮಾರಿಗೆ ಕೆರಿಬಿಯನ್ ಕಡಲಿನ ಸ್ಪಂಜೊಂದರಲ್ಲಿ ಕಂಡ ನ್ಯೂಕ್ಲಿಯೊಸೈಡುಗಳ (ಡಿಎನ್‌ಎಯ ಘಟಕಗಳನ್ನು ಹೋಲುವ ವಸ್ತುಗಳು) ಜಾಡು ಹಿಡಿದು ಸೈಟರಾಬಿನ್ ಎಂಬ ರಕ್ತದ ಕ್ಯಾನ್ಸರಿನ ಮದ್ದು ರೂಪುಗೊಂಡಿತು, ಅಮೆರಿಕದಲ್ಲಿ ಅದಕ್ಕೆ 1969ರಲ್ಲಿ ಅನುಮತಿ ಸಿಕ್ಕಿತು, ಇಂದಿಗೂ ಅದು ಬಳಕೆಯಲ್ಲಿದೆ; ಆದರೆ ಅದು ಸ್ಟೀರಾಲ್ ಅಲ್ಲ. ತಮಾಷೆಯೆಂದರೆ, ಬರ್ಗ್‌ಮನ್ ಮೂಲತಃ ಬೆನ್ನು ಹತ್ತಿದ್ದು ಸ್ಟೀರಾಲುಗಳನ್ನೇ.

ತೀರ್ಥಹಳ್ಳಿ: ಮದ್ದಾಗದ ವಸ್ತುವಿನ ಹಿಂದೆ ಅವರೆಲ್ಲ ಅಷ್ಟು ವರ್ಷ ಬಿದ್ದದ್ದೇಕೆ? ಅಡಿಕೆ ಬೆಳೆಯುವ ನಮಗಂತೂ ಸ್ಟೀರಾಲಿನಿಂದ ಮೂರು ಕಾಸಿನ ಉಪಯೋಗವಿಲ್ಲ.

ಸಾಗರ: ಅಡಿಕೆಯ ಎಲೆಚುಕ್ಕೆ ರೋಗಕ್ಕೆ ತಾವು ಹೊಡೆಸುವ ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ ಕೆಲಸ ಮಾಡುವುದೇ ಶಿಲೀಂಧ್ರದ ಎರ್ಗೊಸ್ಟೀರಾಲ್ ತಯಾರಿಕೆಯನ್ನು ತಡೆದು. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ತನ್ನ ಸ್ಟೀರಾಲನ್ನು ತಾನೇ ತಯಾರಿಸಿಕೊಳ್ಳುವುದಿಲ್ಲ, ಹಾಗಾಗಿ ಅದರ ಮುಂದೆ ಆ ಔಷಧಿಯ ಆಟ ನಡೆಯದು, ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವೇ ಬೇಕು. ಯಾವ ಜೀವಿ ಯಾವ ಸ್ಟೀರಾಲನ್ನು ಕಟ್ಟುತ್ತದೆ ಎಂಬುದು ಇಷ್ಟರ ಮಟ್ಟಿಗೆ ಮುಖ್ಯ. ಕೊಲೆಸ್ಟ್ರಾಲಿನಲ್ಲಿ 27 ಇಂಗಾಲದ ಪರಮಾಣುಗಳಿದ್ದರೆ ಗಿಡಗಳ ಸಿಟೊಸ್ಟೀರಾಲಿನಲ್ಲಿ 29. ಕೆಲವು ಸ್ಪಂಜುಗಳಾದರೋ 24ನೆಯ ಇಂಗಾಲದ ಮೇಲೆ ಐಸೊಪ್ರೊಪೈಲ್ ಎಂಬ ಮೂರು ಇಂಗಾಲಗಳ ಕವಲನ್ನು ಹೊತ್ತ, 30 ಇಂಗಾಲಗಳ ಸ್ಟೀರಾಲನ್ನು ಕಟ್ಟುತ್ತವೆ. ಜೀವಿ ಸತ್ತು ಕೆಸರಿನಲ್ಲಿ ಹೂತುಹೋದ ಮೇಲೆ ಹೈಡ್ರಾಕ್ಸಿಲ್ ಗುಂಪು, ಜೋಡಿಬಂಧಗಳು ಕಳೆದುಹೋದರೂ ಉಂಗುರಗಳ ಚೌಕಟ್ಟು ಸ್ಟೀರೇನ್ ಆಗಿ ಉಳಿಯುತ್ತದೆ. ಒಮಾನಿನ 63.5 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳಲ್ಲಿ ಸ್ಪಂಜಿನ ಆ 30 ಇಂಗಾಲಗಳ ಚೌಕಟ್ಟೇ ದೊರೆತಿದೆಯೆಂದು ಭೂರಸಾಯನವಿಜ್ಞಾನಿ ಗಾರ್ಡನ್ ಲವ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದಾಗ, ಪ್ರಾಣಿಗಳ ಇರವಿಗೆ ಅದೇ ಅತಿ ಹಳೆಯ ಸಾಕ್ಷಿ ಎನಿಸಿತು. ಕ್ಯಾನ್ಸರಿನ ತಲೆಬರಹಕ್ಕಿಂತ ಇದು ದೊಡ್ಡ ಸುದ್ದಿ.

ಹೊಸನಗರ: ದೊಡ್ಡ ಸುದ್ದಿಯ ಮುಂದಿನ ಭಾಗವನ್ನೂ ಹೇಳಿ. ರೈಜೇರಿಯಾ ಎಂಬ, ಪ್ರಾಣಿಗಳಲ್ಲದ ಏಕಕೋಶೀಯ ಜೀವಿಗಳೂ ಅಂಥ ಸ್ಟೀರಾಲನ್ನು ತಯಾರಿಸುತ್ತವೆಂದು 2019ರಲ್ಲಿ ಪ್ರಕಟವಾಯಿತು. ಪಾಚಿಯ ಸಾಮಾನ್ಯ ಸ್ಟೀರಾಲುಗಳೇ ಶಿಲೆಯೊಳಗಿನ ರಾಸಾಯನಿಕ ಬದಲಾವಣೆಯಿಂದ ಅದೇ ರೂಪಕ್ಕೆ ಬರಬಲ್ಲವೆಂದು 2020ರಲ್ಲಿ ಮತ್ತೊಂದು ತಂಡ ತೋರಿಸಿತು. ಸಾಕ್ಷಿಯೇ ತಿರುಗಿ ಬಿದ್ದ ಮೇಲೆ ತೀರ್ಪು ನಿಲ್ಲುವುದೆಂತು?

ಸಾಗರ: ಲವ್ ಅವರ ತಂಡ 2018ರಲ್ಲಿ 26-ಮೀಥೈಲ್‌ಸ್ಟಿಗ್ಮಾಸ್ಟೇನ್ ಎಂಬ ಇನ್ನೊಂದು ಸ್ಟೀರೇನನ್ನು ಸ್ಪಂಜಿನ ಎರಡನೆಯ ಗುರುತಾಗಿ ಮುಂದಿಟ್ಟಿತ್ತು, ಮರೆಯಬೇಡಿ.

ಹೊಸನಗರ: 2020ರ ಆಕ್ಷೇಪ ಅದನ್ನೂ ಬಿಟ್ಟಿಲ್ಲ. ಅಷ್ಟು ಹಳೆಯ ಶಿಲೆಯಲ್ಲಿ ಸ್ಪಂಜಿನ ಹಂದರದ ಸಿಲಿಕಾ ಮುಳ್ಳು (ಗಾಜಿನಂಥ ಸೂಜಿ) ಒಂದಾದರೂ ಸಂಶಯಕ್ಕೆಡೆಯಿಲ್ಲದಂತೆ ಸಿಗುವವರೆಗೆ ನಾನು ‘ಇತ್ತು’ ಎನ್ನಲಾರೆ, ‘ಇದ್ದಿರಬಹುದು’ ಎಂದಷ್ಟೇ ಹೇಳುವೆ.

ಸಾಗರ: ಸ್ನಾನಕ್ಕೆ ಬಳಸುವ ನೈಸರ್ಗಿಕ ಸ್ಪಂಜಿಗೆ ಇಂದಿಗೂ ಸಿಲಿಕಾ ಮುಳ್ಳುಗಳಿಲ್ಲ, ಅದರ ಹಂದರವೆಲ್ಲ ಸ್ಪಂಜಿನ್ ಎಂಬ ಪ್ರೋಟೀನಿನದು. ಮೊದಲ ಸ್ಪಂಜುಗಳೂ ಹಾಗೆಯೇ ಇದ್ದಿದ್ದರೆ ನೀವು ಕೇಳುವ ಮುಳ್ಳು ಎಂದಿಗೂ ಸಿಗದು.