ಪದಚರ್ಚೆ: ಫ್ಲೋ ಬ್ಯಾಟರಿಯ ‘ಸಾಮರ್ಥ್ಯ’ ಎಂದರೆ ಯಾವುದು?

ಪ್ರಶ್ನೆ: ತಿದ್ದಲು ಬಂದ ಲೇಖನವೊಂದರಲ್ಲಿ ಫ್ಲೋ ಬ್ಯಾಟರಿಗೆ ‘ಪ್ರವಾಹ ವಿದ್ಯುತ್ಕೋಶ’ ಎಂದಿದೆ. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನ ಲಿಥಿಯಂ ಬ್ಯಾಟರಿ ಘಟಕ, ಚೀನಾದ ದಾಲಿಯನ್‌ನ ವೆನೇಡಿಯಂ ಫ್ಲೋ ಬ್ಯಾಟರಿ ಘಟಕ ‘ಎರಡೂ 100 ಮೆಗಾವಾಟ್ ಸಾಮರ್ಥ್ಯದವು’ ಎಂದೂ ಇದೆ. ಈ ಪದಗಳು ಇರಲಿಯೇ?

ಉತ್ತರ 1: ‘ಪ್ರವಾಹ’ ಬೇಡ. ವಿದ್ಯುತ್ ಪ್ರವಾಹ ಅಂದರೆ ಕರೆಂಟು. ಅದು ಹರಿಯದ ಬ್ಯಾಟರಿ ಯಾವುದಿದೆ? ಇಲ್ಲಿ ಹರಿಯುವುದು ದ್ರವ. ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿದ ವೆನೇಡಿಯಂ ಎರಡು ತೊಟ್ಟಿಗಳಲ್ಲಿರುತ್ತದೆ. ಪಂಪುಗಳು ಅದನ್ನು ಕೋಶಗಳ ಅಟ್ಟಿಯೊಳಗೆ ಹಾಯಿಸಿ ಮತ್ತೆ ತೊಟ್ಟಿಗೆ ತರುತ್ತವೆ. ‘ಹರಿವಿನ ಬ್ಯಾಟರಿ’ ಸರಿಹೋಗುತ್ತದೆ. ‘ದ್ರವ ಬ್ಯಾಟರಿ’ ಎಂದರೆ ಮನೆಯ ಯುಪಿಎಸ್‌ನ ಆಸಿಡ್ ಬ್ಯಾಟರಿಯೂ ಅದರೊಳಗೇ ಬಂತು.

‘ಸಾಮರ್ಥ್ಯ’ದ್ದು ಇನ್ನೂ ದೊಡ್ಡ ತೊಡಕು. ಶಾಲಾ ಪಠ್ಯದಲ್ಲಿ ಪವರ್‌ಗೆ ಸಾಮರ್ಥ್ಯ, ಎನರ್ಜಿಗೆ ಶಕ್ತಿ. ಆದರೆ ತೊಟ್ಟಿ ಎಷ್ಟು ಹಿಡಿಯುತ್ತದೆ ಎನ್ನುವುದಕ್ಕೂ ನಾವು ಸಾಮರ್ಥ್ಯವೆಂದೇ ಅನ್ನುವುದು. ಲಿಥಿಯಂನಲ್ಲಿ ಕೂಡಿಡುವುದೂ ಕೊಡುವುದೂ ಅದೇ ಕೋಶವಾದ್ದರಿಂದ ಹೇಗೋ ನಡೆದುಹೋಗುತ್ತದೆ. ಹರಿವಿನ ಬ್ಯಾಟರಿಯಲ್ಲಿ ಮೆಗಾವಾಟ್ (ಒಂದು ಸಲಕ್ಕೆ ಎಷ್ಟು ಕೊಡಬಲ್ಲದು) ಅಟ್ಟಿಯ ಲೆಕ್ಕ, ಮೆಗಾವಾಟ್-ಗಂಟೆ (ಒಟ್ಟು ಎಷ್ಟು ಕೂಡಿಡಬಲ್ಲದು) ತೊಟ್ಟಿಯ ಲೆಕ್ಕ. 2017ರ ಹಾರ್ನ್ಸ್‌ಡೇಲ್ 100 ಮೆಗಾವಾಟ್, 129 ಮೆಗಾವಾಟ್-ಗಂಟೆ: ಪೂರ್ತಿ ವೇಗದಲ್ಲಿ ವಿದ್ಯುತ್ ಬಿಟ್ಟರೆ ಒಂದೂಕಾಲು ಗಂಟೆಯ ಮೇಲೆ ಚೂರು. 2022ರ ದಾಲಿಯನ್ 100 ಮೆಗಾವಾಟ್, 400 ಮೆಗಾವಾಟ್-ಗಂಟೆ: ನಾಲ್ಕು ಗಂಟೆ. ಒಂದೇ ‘ಸಾಮರ್ಥ್ಯ’ ಹೇಳಿದರೆ ಈ ಮೂರು ಪಟ್ಟಿನ ಅಂತರವೇ ಮಾಯ.

ಕನ್ನಡದ ಓದುಗರಿಗೆ ಇದು ಹೊಸದೇನಲ್ಲ. ಅಣೆಕಟ್ಟಿನ ಸುದ್ದಿಯಲ್ಲಿ ಸಂಗ್ರಹ ಟಿಎಂಸಿಯಲ್ಲಿ, ಹೊರಹರಿವು ಕ್ಯುಸೆಕ್‌ನಲ್ಲಿ. ಕೆಆರ್‌ಎಸ್ ಎಷ್ಟು ಕ್ಯುಸೆಕ್ ಹಿಡಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಹಾಗೆಯೇ ‘ಸಂಗ್ರಹ 400 ಮೆಗಾವಾಟ್-ಗಂಟೆ, ಸಾಮರ್ಥ್ಯ 100 ಮೆಗಾವಾಟ್’ ಎಂದು ಎರಡನ್ನೂ ಬರೆಯಿರಿ. ಸಂಗ್ರಹದ ಬದಲು ‘ಧಾರಣೆ’ ಹಾಕುವ ಆಸೆಯಾಗಬಹುದು. ಅದು ಅಡಿಕೆ ಮಂಡಿಯ ಪದ, ಪಕ್ಕದಲ್ಲೇ ಕೆಪಾಸಿಟರ್‌ನ ‘ಧಾರಕ’ ಬೇರೆ ಕೂತಿದೆ.

ತೊಟ್ಟಿಯ ಅಂದಾಜೂ ಕೊಡಿ. ಲೀಟರಿಗೆ ಸುಮಾರು 20 ವಾಟ್-ಗಂಟೆ ಹಿಡಿದರೆ 1 ಮೆಗಾವಾಟ್-ಗಂಟೆಗೆ ಎರಡೂ ಕಡೆ ಸೇರಿ 50,000 ಲೀಟರ್ ಬೇಕು, ಅಂದರೆ 12,000 ಲೀಟರಿನ ಟ್ಯಾಂಕರ್ ನಾಲ್ಕಕ್ಕಿಂತ ಹೆಚ್ಚು. ಕಾರಿಗೆ ಇದು ಏಕೆ ಬರಲಿಲ್ಲ ಎಂದು ಬೇರೆ ವಿವರಿಸಬೇಕಿಲ್ಲ.

ಉತ್ತರ 2: ಮೇಲಿನದಕ್ಕೆ ಒಪ್ಪಿಗೆ. ಎಲೆಕ್ಟ್ರೊಲೈಟ್‌ಗೆ ‘ವಿದ್ಯುದ್ವಿಭಾಜ್ಯ’ ಎಂದೂ ಬರೆದಿದ್ದರೆ ಅಲ್ಲಿ ಸ್ವಲ್ಪ ನಿಲ್ಲಿ. ವಿದ್ಯುತ್ತಿನಿಂದ ಒಡೆಯುವಂಥದ್ದು ಎಂದು ಆ ಪದದ ಅರ್ಥ. ಇಲ್ಲಿ ಏನೂ ಒಡೆಯುವುದಿಲ್ಲ. ವೆನೇಡಿಯಂ ಅಯಾನಿನ ಆವೇಶವಷ್ಟೇ ಬದಲಾಗುತ್ತದೆ. ಒಂದು ತೊಟ್ಟಿ ನೇರಳೆ-ಹಸಿರಿನ ನಡುವೆ, ಇನ್ನೊಂದು ನೀಲಿ-ಹಳದಿಯ ನಡುವೆ ಬಣ್ಣ ತಿರುಗಿಸುತ್ತದೆ. ನೀರು ಒಡೆದು ಹೈಡ್ರೋಜನ್ ಬಂದರೆ ಅದು ಅತಿಯಾಗಿ ಚಾರ್ಜ್ ಮಾಡಿದ ತಪ್ಪು. ‘ವೆನೇಡಿಯಂ ದ್ರಾವಣ’ ಎಂದರೆ ಸಾಕು.

‘ಸವಕಳಿ’ಯನ್ನೂ ಎರಡಕ್ಕೂ ಹಾಕಬೇಡಿ. ಲಿಥಿಯಂ ಕೋಶ ಸವೆದರೆ ಹೋದದ್ದು ಹೋಯಿತು. ವೆನೇಡಿಯಂನಲ್ಲಿ ಅಯಾನುಗಳು ಎರಡು ದ್ರಾವಣಗಳ ನಡುವಿನ ಪೊರೆಯ ಮೂಲಕ ಆಚೆಗೆ ಒಸರುತ್ತವೆ. ‘ಸೋರಿಕೆ’ ಎಂದರೆ ಪೈಪಿನಿಂದ ಆಮ್ಲ ತೊಟ್ಟಿಕ್ಕುವುದು ಎಂದು ಓದುಗರು ತಿಳಿಯುತ್ತಾರೆ, ‘ಒಸರು’ ಇರಲಿ. ಎರಡೂ ತೊಟ್ಟಿಯಲ್ಲಿರುವುದು ಒಂದೇ ಲೋಹವಾದ್ದರಿಂದ ದ್ರಾವಣಗಳನ್ನು ಬೆರೆಸಿ, ಸಮನಾಗಿ ಹಂಚಿ ಮತ್ತೆ ಚಾರ್ಜ್ ಮಾಡಿದರೆ ಒಸರಿನಿಂದಾದ ನಷ್ಟ ಮರಳುತ್ತದೆ. ಗಾಳಿ ತಾಗಿ ಉತ್ಕರ್ಷಣೆಯಾಗಿದ್ದರೆ ಮಾತ್ರ ಬೆರೆಸಿ ಪ್ರಯೋಜನವಿಲ್ಲ, ದ್ರಾವಣವನ್ನು ಅಪಕರ್ಷಣೆಗೆ, ಅಂದರೆ ಅದರ ವಿರುದ್ಧ ಕ್ರಿಯೆಗೆ, ಒಳಪಡಿಸಬೇಕು.

‘ಬಿಸಿಯ ಭಯವಿಲ್ಲ’ ಎಂಬ ಮಾತು ಲೇಖನದಲ್ಲಿದ್ದರೆ ತಿದ್ದಿ. ಬೆಂಕಿಯ ಭಯವಿಲ್ಲ, ಅದು ನಿಜ. ಬಿಸಿಯದು ಇದೆ: ದ್ರಾವಣ ಸುಮಾರು 40 ಡಿಗ್ರಿ ದಾಟಿದರೆ ಹಳದಿ ಬದಿಯಲ್ಲಿ ವೆನೇಡಿಯಂ ಪೆಂಟಾಕ್ಸೈಡ್ ಗಷ್ಟಾಗಿ ಇಳಿದು ಅಟ್ಟಿಯ ದಾರಿ ಕಟ್ಟುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಇದಕ್ಕೂ ತಂಪು ಮಾಡುವ ವ್ಯವಸ್ಥೆ ಬೇಕೇ ಬೇಕು.