ಗ್ಯಾರೇಜ್‌ನಲ್ಲಿ ಬಕೆಟ್ ಆಗಿದೆ, ಆದರೆ ಆರ್‌ಕ್ಲೋನ್ ಒಳಗೆ ಬಿಡ್ತಿಲ್ಲ

ಅಡಿಕೆಸಿಪ್ಪೆ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮ ಮನೆ. ಹಳೇ ಡೆಸ್ಕ್‌ಟಾಪ್ ಒಂದು ಸುಮ್ನೆ ಬಿದ್ದಿತ್ತು, ಅದಕ್ಕೆ ಡೆಬಿಯನ್ ಹಾಕಿ 2 ಟಿಬಿ ಡಿಸ್ಕ್ ಕೂರಿಸಿದೆ. ಅಪ್ಪ ವರ್ಷಗಟ್ಟಲೆ ಯಕ್ಷಗಾನದ ಆಟಗಳನ್ನು ರೆಕಾರ್ಡ್ ಮಾಡಿಟ್ಟಿದ್ದಾರೆ, ಸುಮಾರು 600 ಜಿಬಿ, ಒಂದು ಆ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಈ ಹಾರ್ಡ್‌ಡಿಸ್ಕ್‌ನಲ್ಲಿ. ಎಲ್ಲವನ್ನೂ ಒಂದು ಕಡೆ ತರಬೇಕು, ಜೊತೆಗೆ ಲ್ಯಾಪ್‌ಟಾಪ್ ಬ್ಯಾಕಪ್ಪೂ ಅಲ್ಲಿಗೇ ಹೋಗಬೇಕು ಅಂತ ಆಸೆ.

ಅಮೆಜಾನಿನ ಎಸ್3 (ನೆಟ್ ಮೂಲಕ ಫೈಲ್ ಇಡುವ ಆಬ್ಜೆಕ್ಟ್ ಸ್ಟೋರೇಜ್ ಸೇವೆ) ಥರದ್ದನ್ನು ಮನೆಯಲ್ಲೇ ನಡೆಸೋ ಸಾಫ್ಟ್‌ವೇರ್ ಹುಡುಕ್ತಾ ಮೊದಲು ಮಿನಿಯೋ ನೋಡಿದೆ. ಹಳೇ ವಿಡಿಯೋಗಳಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ, ಆದರೆ 2025ರಲ್ಲಿ ಉಚಿತ ಆವೃತ್ತಿಯ ವೆಬ್ ಪುಟದಿಂದ ಅಡ್ಮಿನ್ ಕೆಲಸಗಳನ್ನೆಲ್ಲ ತೆಗೆದುಹಾಕಿದರು, ಅದೇ ವರ್ಷ ಸಿದ್ಧ ಡಾಕರ್ ಇಮೇಜ್ ಕೊಡುವುದನ್ನೂ ನಿಲ್ಲಿಸಿದರು. ಹಾಗಾಗಿ ಅದೇ ಥರದ ಇನ್ನೊಂದು ಸಾಫ್ಟ್‌ವೇರ್ ಗ್ಯಾರೇಜ್‌ಗೆ ಬಂದೆ. ಸರ್ವರ್ ಓಡ್ತಿದೆ, ಬಕೆಟ್ (ಫೈಲ್ ತುಂಬುವ ಜಾಗ) ಮಾಡಿದೆ, ಕೀ (ಒಳಗೆ ಹೋಗಲು ಬೇಕಾದ ಗುರುತು) ಮಾಡಿದೆ. ಆದರೆ ಫೈಲ್ ಕಳಿಸೋ ಆರ್‌ಕ್ಲೋನ್ ಪ್ರೋಗ್ರಾಂನಿಂದ ಹೋದರೆ ಆಥರೈಸೇಶನ್ ಹೆಡರ್ ಸರಿ ಇಲ್ಲ ಅಂತ ಬೈಯುತ್ತದೆ. ಕೀ ನಾಲ್ಕು ಸಲ ಕಾಪಿ ಮಾಡಿ ಹಾಕಿದೆ, ತಪ್ಪಿಲ್ಲ. ಎಲ್ಲಿ ಎಡವಿದೆ?

ಕಪ್ಪುತೆರೆ

ಕೀ ಸರಿ ಇರುತ್ತದೆ. ರೀಜನ್ (ಸರ್ವರ್ ಇರುವ ಪ್ರದೇಶಕ್ಕೆ ಕೊಡುವ ಹೆಸರು) ನೋಡಿ. ಆರ್‌ಕ್ಲೋನ್ ಕಾನ್ಫಿಗ್‌ನಲ್ಲಿ ರೀಜನ್ ಖಾಲಿ ಬಿಟ್ಟಿದ್ದೀರಿ ಅನ್ಸುತ್ತೆ. ಖಾಲಿ ಬಿಟ್ಟರೆ ಅದು ಅಮೆಜಾನಿನ ಯುಎಸ್ ಈಸ್ಟ್ ಒನ್ ಅಂತಲೇ ಹಿಡಿದುಕೊಳ್ಳುತ್ತದೆ. ಎಸ್3ಯಲ್ಲಿ ಪ್ರತಿ ಕೋರಿಕೆಗೂ ಸಹಿ ಹಾಕುವಾಗ ರೀಜನ್ ಹೆಸರೂ ಆ ಸಹಿಯೊಳಗೆ ಸೇರುತ್ತದೆ. ಗ್ಯಾರೇಜ್‌ನ ಮಾದರಿ ಕಾನ್ಫಿಗ್‌ನಲ್ಲಿ ರೀಜನ್ ಹೆಸರೇ "ಗ್ಯಾರೇಜ್". ಎರಡೂ ಕಡೆ ಒಂದೇ ಹೆಸರಿಲ್ಲದಿದ್ದರೆ ಒಳಗೆ ಬಿಡಲ್ಲ, ಕೀ ಎಷ್ಟು ಸರಿ ಇದ್ದರೂ.

ಪ್ರೊವೈಡರ್ "ಅದರ್" ಇರಲಿ, ಎಂಡ್‌ಪಾಯಿಂಟ್‌ನಲ್ಲಿ ಡೆಸ್ಕ್‌ಟಾಪಿನ ಐಪಿ ಮತ್ತು 3900 ಪೋರ್ಟ್ ಕೊಡಿ. 3901 ಅಲ್ಲ, ಅದು ಗ್ಯಾರೇಜ್ ನೋಡ್‌ಗಳು (ಅದು ಓಡುವ ಮಷಿನ್‌ಗಳು) ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುವುದಕ್ಕೆ. ಎಚ್‌ಟಿಟಿಪಿಎಸ್ ಇನ್ನೂ ಮಾಡಿಲ್ಲ ಅಲ್ವಾ? ಹಾಗಿದ್ದರೆ ಬರೀ ಎಚ್‌ಟಿಟಿಪಿ. ಮತ್ತೆ ರೂಟರ್‌ನಲ್ಲಿ ಈ ಪೋರ್ಟ್‌ಗಳನ್ನು ಹೊರಗೆ ತೆರೆಯಬೇಡಿ, ದಯವಿಟ್ಟು.

ಅಡಿಕೆಸಿಪ್ಪೆ

ರೀಜನ್ನೇ! ಎರರ್ ಹೋಯ್ತು, ಥ್ಯಾಂಕ್ಸ್. ಆದರೆ ಈಗ ಬಕೆಟ್ ಪಟ್ಟಿ ಕೇಳಿದರೆ ಏನೂ ಬರಲ್ಲ. ಎರರ್ರೂ ಇಲ್ಲ, ಬಕೆಟ್ಟೂ ಇಲ್ಲ.

ಕಪ್ಪುತೆರೆ

ಕೀಗೆ ಅನುಮತಿ ಕೊಟ್ಟಿಲ್ಲ. ಗ್ಯಾರೇಜ್‌ನಲ್ಲಿ ಬಕೆಟ್ ಬೇರೆ, ಕೀ ಬೇರೆ, ಎರಡಕ್ಕೂ ನಾವೇ ಗಂಟು ಹಾಕಬೇಕು. "ಗ್ಯಾರೇಜ್ ಬಕೆಟ್ ಅಲೌ" ಕಮಾಂಡ್‌ಗೆ ರೀಡ್, ರೈಟ್, ಓನರ್ ಮೂರೂ ಆಯ್ಕೆ ಸೇರಿಸಿ ಬಕೆಟ್ ಹೆಸರು, ಕೀ ಹೆಸರು ಕೊಡಿ. ತನಗೆ ಅನುಮತಿ ಇಲ್ಲದ ಬಕೆಟ್ಟನ್ನು ಕೀ ನೋಡೋದೇ ಇಲ್ಲ, ಅದಕ್ಕೇ ಪಟ್ಟಿ ಖಾಲಿ. ನನಗೂ ಒಂದು ಸಂಜೆ ಇದರಲ್ಲೇ ಹೋಗಿತ್ತು.

ಅಡಿಕೆಸಿಪ್ಪೆ

ಬಂತು! ಮೂರು ಪ್ರಸಂಗ ಹಾಕಿ ನೋಡಿದೆ. ಆದರೆ ಡಿಸ್ಕ್‌ನ ಡೇಟಾ ಫೋಲ್ಡರ್ ತೆರೆದರೆ ನನ್ನ ಫೈಲ್ ಹೆಸರು ಒಂದೂ ಇಲ್ಲ. ಬರೀ ಎರಡೆರಡು ಅಕ್ಷರದ ಫೋಲ್ಡರ್, ಒಳಗೆ ಉದ್ದುದ್ದ ಹೆಕ್ಸ್ ಹೆಸರು. ಇದು ಹೀಗೇ ಇರೋದಾ?

ಬೆಳ್ಳಂಬೆಳಗು

ಹೀಗೇ ಇರೋದು. ಇದು ಫೋಲ್ಡರ್ ಅಲ್ಲ ಅನ್ನೋದು ಎಲ್ಲರಿಗೂ ಇಲ್ಲಿಗೆ ಬಂದ ಮೇಲೇ ಗೊತ್ತಾಗುತ್ತದೆ. ಗ್ಯಾರೇಜ್ ನಿಮ್ಮ ವಿಡಿಯೋವನ್ನು 1 ಎಂಬಿ ತುಂಡುಗಳಾಗಿ ಕತ್ತರಿಸಿ ಪ್ರತಿ ತುಂಡಿಗೂ ಅದರ ಹ್ಯಾಶನ್ನೇ (ಒಳಗಿನ ಡೇಟಾದಿಂದ ಲೆಕ್ಕ ಹಾಕಿದ ಗುರುತು) ಹೆಸರಾಗಿ ಇಡುತ್ತದೆ. ಯಾವ ತುಂಡು ಯಾವ ಆಟದ್ದು, ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನೋ ಲೆಕ್ಕ ಪೂರ್ತಿ ಮೆಟಾಡೇಟಾ ಫೋಲ್ಡರ್‌ನಲ್ಲಿರುತ್ತದೆ. ಆ ಲೆಕ್ಕದ ಪುಸ್ತಕ ಹೋದರೆ 600 ಜಿಬಿ ಇದ್ದೂ ಇಲ್ಲದ ಹಾಗೆ.

ಈಗ ಮುಖ್ಯ ಮಾತು. ಶಿರಸಿ ಅಂದಿರಿ, ಮಳೆಗಾಲದಲ್ಲಿ ಕರೆಂಟ್ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಕಾನ್ಫಿಗ್‌ನ ಡಿಬಿ ಇಂಜಿನ್ (ಮೆಟಾಡೇಟಾ ಇಡುವ ಡೇಟಾಬೇಸ್) ಸಾಲಿನಲ್ಲಿ ಎಲ್‌ಎಮ್‌ಡಿಬಿ ಇದ್ದರೆ, ತಟ್ಟನೆ ಕರೆಂಟ್ ಹೋದಾಗ ಅದು ಕೆಡುವ ಸಾಧ್ಯತೆ ಇದೆ. ಮೂರು ಮಷಿನ್‌ಗಳಲ್ಲಿ ಪ್ರತಿ ಇಟ್ಟವರಿಗೆ ಉಳಿದೆರಡರಿಂದ ವಾಪಸ್ ತುಂಬಿಕೊಳ್ಳಬಹುದು. ನಿಮ್ಮ ಹಾಗೆ ಒಂದೇ ಡಬ್ಬದಲ್ಲಿ ರೆಪ್ಲಿಕೇಶನ್ 1 (ಒಂದೇ ಪ್ರತಿ) ಇಟ್ಟವರಿಗೆ ಎಸ್‌ಕ್ಯೂಲೈಟ್ ಡೇಟಾಬೇಸೇ ವಾಸಿ. ಇನ್ನೂ ಮೂರೇ ಪ್ರಸಂಗ ಹಾಕಿದ್ದೀರಲ್ಲ, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡೋದೇ ಸುಲಭ. ಬೇಡ ಅಂದರೆ ಸರ್ವರ್ ನಿಲ್ಲಿಸಿ "ಕನ್ವರ್ಟ್ ಡಿಬಿ" ಅನ್ನೋ ಕಮಾಂಡ್ ಓಡಿಸಬಹುದು. ಜೊತೆಗೆ ಆರು ಗಂಟೆಗೊಂದು ಮೆಟಾಡೇಟಾ ಸ್ನ್ಯಾಪ್‌ಶಾಟ್ ತಾನೇ ತೆಗೆಯುವಂತೆ ಕಾನ್ಫಿಗ್‌ನಲ್ಲಿ ಹಾಕಿ, ಅದನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡ್ತಾ ಇರಿ. ಅದೇ ಡಿಸ್ಕ್‌ನಲ್ಲಿ ಬಿಟ್ಟರೆ ಡಿಸ್ಕ್ ಹೋದ ದಿನ ಅದೂ ಹೋಗುತ್ತದೆ. ಸಾಧ್ಯವಾದರೆ ಚಿಕ್ಕದೊಂದು ಯುಪಿಎಸ್ಸೂ ಇರಲಿ.

ಹಳೇಮಂದಿ

ಬೇಜಾರು ಮಾಡ್ಕೋಬೇಡಿ, ಆದರೆ ಅಪ್ಪನ ರೆಕಾರ್ಡಿಂಗಿಗೆ ಇದೆಲ್ಲ ಯಾಕೆ? ಎಸ್‌ಎಸ್‌ಎಚ್ ಮೇಲೆ ಆರ್‌ಸಿಂಕ್ (ಫೋಲ್ಡರ್ ಕಾಪಿ ಮಾಡೋ ಪ್ರೋಗ್ರಾಂ) ಸಾಕು. ನಾಳೆ ಡೆಸ್ಕ್‌ಟಾಪ್ ಕೈಕೊಟ್ಟರೆ ಡಿಸ್ಕ್ ಬಿಚ್ಚಿ ಇನ್ನೊಂದು ಲಿನಕ್ಸ್ ಮಷಿನ್‌ಗೆ ಹಾಕಿದರೆ ಫೈಲ್ ಹೆಸರು ಸಮೇತ ಎದುರಿಗೇ ಇರುತ್ತದೆ, ಅಪ್ಪನೂ ತೆರೆದು ನೋಡಬಹುದು. ಎಸ್3ಯನ್ನೇ ಕೇಳುವ ಸಾಫ್ಟ್‌ವೇರ್ ಇದ್ದರೆ ಮಾತ್ರ ಆಬ್ಜೆಕ್ಟ್ ಸ್ಟೋರೇಜ್ ಕಟ್ಟಿಕೊಳ್ಳಿ. ಸುಮ್ನೆ ಕಲಿಯೋಕೆ ಅಂದರೆ ಆರ್‌ಕ್ಲೋನ್‌ನಲ್ಲೇ "ಸರ್ವ್ ಎಸ್3" ಇದೆ, ಇರುವ ಫೋಲ್ಡರ್ರನ್ನೇ ಎಸ್3 ಥರ ತೋರಿಸುತ್ತದೆ, ಮೇಲಿನ ಫೋಲ್ಡರ್‌ಗಳೇ ಬಕೆಟ್ ಆಗುತ್ತವೆ.

ಬೆಳ್ಳಂಬೆಳಗು

ರೆಕಾರ್ಡಿಂಗ್ ಬಗ್ಗೆ ಇವರು ಹೇಳಿದ್ದು ನಿಜ. ಬ್ಯಾಕಪ್‌ಗೆ ಮಾತ್ರ ನಾನು ಒಪ್ಪಲ್ಲ. ಬ್ಯಾಕಪ್ ಪ್ರೋಗ್ರಾಂ ರೆಸ್ಟಿಕ್ ನೇರವಾಗಿ ಎಸ್3ಗೆ ಬರೆಯುತ್ತದೆ, ಎನ್‌ಕ್ರಿಪ್ಟ್ ಮಾಡಿಯೇ ಬರೆಯುತ್ತದೆ, ಹೇಗೂ ಹೆಸರು ಓದೋಕಾಗಲ್ಲ. ಪ್ರತಿ ಲ್ಯಾಪ್‌ಟಾಪ್‌ಗೂ ಬೇರೆ ಬಕೆಟ್, ಬೇರೆ ಕೀ ಕೊಟ್ಟರೆ ಒಂದರಿಂದ ಇನ್ನೊಂದನ್ನು ಮುಟ್ಟೋಕಾಗಲ್ಲ.

ಅಡಿಕೆಸಿಪ್ಪೆ

ಹಾಗೇ ಮಾಡಿದೆ. ಆಟಗಳೆಲ್ಲ ಆರ್‌ಸಿಂಕ್‌ನಲ್ಲಿ ಮಾಮೂಲಿ ಫೋಲ್ಡರ್‌ಗೆ, ಇನ್ನೊಂದು ಪ್ರತಿ ಮಾವನ ಮನೆಯ ಡಿಸ್ಕ್‌ಗೆ. ಗ್ಯಾರೇಜ್ ಎಸ್‌ಕ್ಯೂಲೈಟ್ ಮೇಲೆ, ರೆಸ್ಟಿಕ್‌ಗೆ ಮಾತ್ರ. ಆದರೆ ಇದನ್ನೆಲ್ಲ ಮಾಡೋ ಮೊದಲು ಇನ್ನೊಂದು ಬಕೆಟ್‌ಗೆ ದೊಡ್ಡ ವಿಡಿಯೋ ಕಳಿಸ್ತಿದ್ದಾಗ ಕರೆಂಟ್ ಹೋಗಿತ್ತು. ಆ ಅರ್ಧ ಫೈಲ್ ಪಟ್ಟಿಯಲ್ಲಿ ಕಾಣಲ್ಲ, ಜಾಗ ಮಾತ್ರ ತಿಂದಿತ್ತು. ಮುಂದೆ ಹೀಗಾದರೆ?

ಕಪ್ಪುತೆರೆ

ಅರ್ಧಕ್ಕೆ ನಿಂತ ಮಲ್ಟಿಪಾರ್ಟ್ ಅಪ್‌ಲೋಡ್ (ದೊಡ್ಡ ಫೈಲನ್ನು ಭಾಗ ಮಾಡಿ ಕಳಿಸೋದು) ಅದು. ಎಸ್3 ಲೋಕದಲ್ಲಿ ಇದು ಮಾಮೂಲು, ಅಮೆಜಾನಲ್ಲೂ ಹಾಗೇ ಉಳಿದು ಬಿಲ್ ಬರುತ್ತೆ. "ಗ್ಯಾರೇಜ್ ಬಕೆಟ್ ಕ್ಲೀನಪ್ ಇನ್‌ಕಂಪ್ಲೀಟ್ ಅಪ್‌ಲೋಡ್ಸ್", ಜೊತೆಗೆ "ಓಲ್ಡರ್ ದ್ಯಾನ್" ಒಂದು ದಿನ ಅಂತ ಕೊಟ್ಟು ಬಕೆಟ್ ಹೆಸರು ಹಾಕಿ. ವಾರಕ್ಕೊಮ್ಮೆ ಕ್ರಾನ್‌ನಲ್ಲಿ ಓಡಲಿ. ಜಾಗ ತಕ್ಷಣ ವಾಪಸ್ ಬರಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ.